ನಗರ ಕೀಟ ನಿರ್ವಹಣೆ: ತರಬೇತಿ ಪಡೆದ ಕೈಗಳ ಅಗತ್ಯ

ವ್ಯಾಪಾರಿಯ ಲೆಕ್ಕಪುಸ್ತಕದಲ್ಲಿ ಬಾಡಿಗೆ, ವಿದ್ಯುತ್, ಕೂಲಿ, ಸಾಗಣೆ, ಬಡ್ಡಿ ಇವೆಲ್ಲಕ್ಕೂ ಒಂದೊಂದು ಶೀರ್ಷಿಕೆ ಇರುತ್ತದೆ. ಕೀಟಗಳಿಂದ ಆಗುವ ನಷ್ಟಕ್ಕೆ ಮಾತ್ರ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ. ಅದು ಒಮ್ಮೆ ತೂಕದ ಕೊರತೆಯಾಗಿ, ಒಮ್ಮೆ ದರ ಕಡಿತವಾಗಿ, ಮತ್ತೊಮ್ಮೆ ವಾಪಸು ಬಂದ ಮಾಲಿನ ರೂಪದಲ್ಲಿ ಬೇರೆ ಬೇರೆ ಪುಟಗಳಲ್ಲಿ ಅಡಗಿಕೊಳ್ಳುತ್ತದೆ. 10 ಲಕ್ಷ ರೂಪಾಯಿ ಬೆಲೆಯ ದಾಸ್ತಾನಿನಲ್ಲಿ ಶೇಕಡ 2ರಷ್ಟು ಹಾನಿಯಾಯಿತೆಂದು ಭಾವಿಸಿದರೂ 20,000 ರೂಪಾಯಿ ಕೈಬಿಟ್ಟಂತೆಯೇ ಸರಿ. ಗ್ರಾಹಕನ ಕೈಗೆ ಹುಳು ಬಿದ್ದ ಒಂದು ಪೊಟ್ಟಣ ತಲುಪಿದಾಗ ಹೋಗುವ ಹೆಸರಿನ ಬೆಲೆ ಈ ಲೆಕ್ಕಕ್ಕೆ ಸೇರಿಲ್ಲ.

ಈ ನಷ್ಟವನ್ನು ತಡೆಯಲೆಂದು ಬಹುತೇಕ ಅಂಗಡಿ, ಗೋದಾಮು, ಗಿರಣಿ ಹಾಗೂ ಹೋಟೆಲುಗಳ ಮಾಲೀಕರು ವರ್ಷಕ್ಕೆ ಕೆಲವು ಬಾರಿ ‘ಮದ್ದು ಹೊಡೆಸುತ್ತಾರೆ’. ಆದರೆ ಮದ್ದು ಹೊಡೆಯುವ ವ್ಯಕ್ತಿಗೆ ತನ್ನ ಎದುರಿಗಿರುವ ಕೀಟ ಯಾವುದು, ಅದು ಎಲ್ಲಿ ಮೊಟ್ಟೆಯಿಡುತ್ತದೆ, ತನ್ನ ಕೈಯಲ್ಲಿರುವ ರಾಸಾಯನಿಕ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಇದೆಯೇ ಎಂದು ವಿಚಾರಿಸುವವರು ವಿರಳ. ನಗರ ಕೀಟ ನಿರ್ವಹಣೆಯು ಇಂದು ಒಂದು ಶಾಸ್ತ್ರವೂ ಹೌದು, ಉದ್ಯಮವೂ ಹೌದು. ಇದಕ್ಕೆ ಬೇಕಾದ ತರಬೇತಿಯ ಸ್ವರೂಪವೇನು, ಕಾನೂನು ಏನನ್ನು ಬಯಸುತ್ತದೆ, ವ್ಯಾಪಾರಿಗಳೂ ಸಣ್ಣ ಕೈಗಾರಿಕೋದ್ಯಮಿಗಳೂ ಈ ವಿಷಯದಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೊಲದ ಕೀಟ ಬೇರೆ, ನಗರದ ಕೀಟ ಬೇರೆ

ಕೃಷಿಯಲ್ಲಿ ಕೀಟವು ಬಯಲಿನಲ್ಲಿರುತ್ತದೆ. ಬಿಸಿಲು, ಗಾಳಿ, ಮಳೆ ಹಾಗೂ ಶತ್ರುಕೀಟಗಳು ಅದರ ಸಂಖ್ಯೆಯನ್ನು ಒಂದು ಮಿತಿಯಲ್ಲಿಡುತ್ತವೆ. ನಗರದ ಕೀಟವು ಮನುಷ್ಯನು ತನಗಾಗಿ ಕಟ್ಟಿಕೊಂಡ ಆಶ್ರಯದಲ್ಲಿಯೇ ಬಾಳುತ್ತದೆ. ಆಹಾರ, ನೀರು, ಬೆಚ್ಚನೆಯ ಬಿರುಕು ಈ ಮೂರೂ ಅದಕ್ಕೆ ವರ್ಷವಿಡೀ ದೊರೆಯುತ್ತವೆ. ಹೊಲದಲ್ಲಿ ಒಂದಿಷ್ಟು ಕೀಟವಿದ್ದರೂ ಆರ್ಥಿಕ ಹಾನಿಯ ಮಟ್ಟ ಮುಟ್ಟುವವರೆಗೆ ರೈತನು ಕಾಯಬಹುದು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಒಂದು ಜಿರಳೆ ಕಂಡರೂ ವ್ಯಾಪಾರಕ್ಕೆ ಕುಂದು ತಪ್ಪಿದ್ದಲ್ಲ.

ನಗರ ಕೀಟಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು. ಜಿರಳೆ, ನೊಣ, ಸೊಳ್ಳೆ, ತಿಗಣೆಗಳಂತಹ ಆರೋಗ್ಯಕ್ಕೆ ಹಾಗೂ ನೆಮ್ಮದಿಗೆ ಸಂಬಂಧಿಸಿದವು ಮೊದಲನೆಯವು. ಸೊಂಡಿಲು ಹುಳು, ಹಿಟ್ಟಿನ ಕೆಂಪು ದುಂಬಿ, ದ್ವಿದಳ ಧಾನ್ಯದ ದುಂಬಿ, ಸಿಗರೇಟ್ ದುಂಬಿ ಮೊದಲಾದ ದಾಸ್ತಾನು ಕೀಟಗಳು ಎರಡನೆಯವು. ಗೆದ್ದಲು ಹಾಗೂ ಮರ ಕೊರೆಯುವ ದುಂಬಿಗಳು ಮೂರನೆಯವು. ಬಟ್ಟೆ, ಉಣ್ಣೆ, ತೊಗಲು, ಕಾಗದಗಳನ್ನು ತಿನ್ನುವ ಕೀಟಗಳು ನಾಲ್ಕನೆಯವು. ಕೀಟಗಳಲ್ಲದಿದ್ದರೂ ಇಲಿ ಹೆಗ್ಗಣಗಳ ನಿಯಂತ್ರಣವೂ ಸಾಮಾನ್ಯವಾಗಿ ಇದೇ ವೃತ್ತಿಯವರ ಪಾಲಿಗೆ ಬರುತ್ತದೆ.

ಗುರುತಿಸುವಿಕೆಯೇ ಮೊದಲ ಪಾಠ

ತರಬೇತಿ ಪಡೆದವನಿಗೂ ಪಡೆಯದವನಿಗೂ ಇರುವ ವ್ಯತ್ಯಾಸ ಮೊದಲ ಐದು ನಿಮಿಷಗಳಲ್ಲಿಯೇ ಗೊತ್ತಾಗುತ್ತದೆ. ಮೊದಲನೆಯವನು ಟಾರ್ಚ್ ಹಿಡಿದು ಮೂಲೆಗಳನ್ನು ನೋಡುತ್ತಾನೆ. ಎರಡನೆಯವನು ಬಂದೊಡನೆ ಪಂಪಿಗೆ ಗಾಳಿ ತುಂಬುತ್ತಾನೆ.

ಅಕ್ಕಿ ಗೋದಾಮಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಸೊಂಡಿಲು ಹುಳುವಿನ ಹೆಣ್ಣು ಕಾಳಿನಲ್ಲಿ ಸಣ್ಣ ರಂಧ್ರ ಕೊರೆದು ಅದರೊಳಗೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮರಿಹುಳು ಕಾಳಿನ ಒಳಗೇ ಬೆಳೆದು, ಅನುಕೂಲಕರ ಉಷ್ಣತೆಯಲ್ಲಿ ಸುಮಾರು ಒಂದು ತಿಂಗಳ ನಂತರ ಪ್ರೌಢ ಹುಳುವಾಗಿ ಹೊರಬರುತ್ತದೆ. ಆದುದರಿಂದ ಕಣ್ಣಿಗೆ ಹುಳು ಕಾಣುವ ಹೊತ್ತಿಗೆ ದಾಸ್ತಾನಿನ ಒಳಗೆ ಇನ್ನೊಂದು ಪೀಳಿಗೆ ಸಿದ್ಧವಾಗಿರುತ್ತದೆ. ಚೀಲದ ಮೇಲ್ಮೈಗೆ ಸಿಂಪಡಿಸಿದ ಔಷಧಿ ಕಾಳಿನ ಒಳಗಿರುವ ಮರಿಯನ್ನು ಮುಟ್ಟುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಹಿಟ್ಟಿನ ಕೆಂಪು ದುಂಬಿಗೆ ಇಡೀ ಕಾಳಿಗಿಂತ ನುಚ್ಚು, ಹಿಟ್ಟು, ರವೆ ಹಾಗೂ ನೆಲದ ಬಿರುಕಿನಲ್ಲಿ ಕೂತ ದೂಳು ಪ್ರಿಯವಾದವು. ಇದು ಹೆಚ್ಚಿರುವ ಗಿರಣಿಯಲ್ಲಿ ಯಂತ್ರಗಳ ಸಂದಿಗಳನ್ನು ಶುಚಿಗೊಳಿಸದೆ ಎಷ್ಟು ಮದ್ದು ಬಳಸಿದರೂ ಫಲ ಅಲ್ಪಕಾಲಿಕವೇ. ಹೆಸರುಕಾಳು, ಅಲಸಂದೆಗಳಿಗೆ ಬೀಳುವ ದುಂಬಿಯಂತೂ ಹಲವು ವೇಳೆ ಹೊಲದಿಂದಲೇ ಮೊಟ್ಟೆಯ ರೂಪದಲ್ಲಿ ಬಂದಿರುತ್ತದೆ. ಕಾಳಿನ ಸಿಪ್ಪೆಗೆ ಅಂಟಿದ ಬಿಳಿಯ ಚುಕ್ಕೆಗಳನ್ನು ಖರೀದಿಯ ಹಂತದಲ್ಲಿಯೇ ಗುರುತಿಸಬಲ್ಲ ಕಣ್ಣು ಇದ್ದರೆ ಮುಂದಿನ ವೆಚ್ಚವೇ ಉಳಿಯುತ್ತದೆ.

ಹೋಟೆಲಿನ ಅಡುಗೆಮನೆಯಲ್ಲಿ ಕಾಣುವ ಕಂದುಬಣ್ಣದ ಸಣ್ಣ ಜಿರಳೆ ‘ಜರ್ಮನ್ ಜಿರಳೆ’ ಎಂಬ ಜಾತಿಗೆ ಸೇರಿದ್ದು. ಇದರ ಹೆಣ್ಣು 30ರಿಂದ 40 ಮೊಟ್ಟೆಗಳಿರುವ ಕೋಶವನ್ನು ಮರಿ ಹೊರಬರುವ ಸಮಯದವರೆಗೆ ತನ್ನ ದೇಹಕ್ಕೆ ಅಂಟಿಸಿಕೊಂಡೇ ತಿರುಗುತ್ತದೆ. ಇದಕ್ಕೆ ಬಿರುಕುಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಡುವ ಜೆಲ್ ರೂಪದ ವಿಷಾಹಾರ ಪರಿಣಾಮಕಾರಿ. ಆದರೆ ಜೆಲ್ ಇಟ್ಟ ಸ್ಥಳದಲ್ಲಿಯೇ ಪೈರಿಥ್ರಾಯ್ಡ್ ದ್ರಾವಣ ಸಿಂಪಡಿಸಿದರೆ ಜಿರಳೆಯು ಆ ಸ್ಥಳವನ್ನೇ ಬಿಟ್ಟು ದೂರ ಸರಿಯುತ್ತದೆ. ಜೆಲ್‌ಗೆ ಕೊಟ್ಟ ಹಣ ವ್ಯರ್ಥವಾಗುತ್ತದೆ. ಸಕ್ಕರೆಯ ಅಂಶವಾದ ಗ್ಲೂಕೋಸನ್ನೇ ದ್ವೇಷಿಸಿ ವಿಷಾಹಾರವನ್ನು ಮುಟ್ಟದ ಜರ್ಮನ್ ಜಿರಳೆಗಳ ಬಗ್ಗೆ ವಿಜ್ಞಾನಿಗಳು 1993ರಲ್ಲಿಯೇ ವರದಿ ಮಾಡಿದ್ದರು. ಒಂದೇ ಉತ್ಪನ್ನವನ್ನು ವರ್ಷಾನುಗಟ್ಟಲೆ ಬಳಸುವುದು ಏಕೆ ಸರಿಯಲ್ಲ ಎಂಬುದು ಇದರಿಂದ ವೇದ್ಯವಾಗುತ್ತದೆ.

ಧೂಮೀಕರಣ: ಅರಿವಿಲ್ಲದ ಕೈಯಲ್ಲಿ ಅಪಾಯ

ತರಬೇತಿಯ ಅಭಾವ ಅತ್ಯಂತ ದುಬಾರಿಯಾಗುವುದು ಧೂಮೀಕರಣದಲ್ಲಿ. ದಾಸ್ತಾನಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯಲ್ಲಿನ ತೇವಾಂಶದೊಂದಿಗೆ ಸೇರಿ ಫಾಸ್ಫೀನ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ 1 ಗ್ರಾಂ ಫಾಸ್ಫೀನ್ ಉತ್ಪತ್ತಿಯಾಗುತ್ತದೆ. ಈ ಅನಿಲ ಕಾಳಿನ ಒಳಭಾಗಕ್ಕೂ ನುಸುಳುವುದರಿಂದಲೇ ಇದು ಉಪಯುಕ್ತ. ಅದೇ ಕಾರಣಕ್ಕೆ ಇದು ಅತ್ಯಂತ ಅಪಾಯಕಾರಿ. ಗೋಡೆಯ ಬಿರುಕು, ಪೈಪಿನ ಸಂದಿ, ಹಲಗೆಯ ಮಾಳಿಗೆಗಳ ಮೂಲಕ ಪಕ್ಕದ ಕೊಠಡಿಗೂ ಅದು ಹರಿಯಬಲ್ಲದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ವಾಸದ ಮನೆಗಳಲ್ಲಿಯೂ ಅಂಗಡಿಯ ಮೇಲ್ಮಹಡಿಯ ಕೊಠಡಿಗಳಲ್ಲಿಯೂ ಈ ಮಾತ್ರೆಗಳನ್ನು ಇಟ್ಟ ಪರಿಣಾಮವಾಗಿ ನಿದ್ರೆಯಲ್ಲಿದ್ದವರು, ವಿಶೇಷವಾಗಿ ಮಕ್ಕಳು, ಪ್ರಾಣ ಕಳೆದುಕೊಂಡ ಘಟನೆಗಳು ದೇಶದ ಅನೇಕ ನಗರಗಳಿಂದ ವರದಿಯಾಗಿವೆ. ಬೆಳ್ಳುಳ್ಳಿಯಂತಹ ವಾಸನೆ ಬಾರದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆಯೂ ತಪ್ಪು. ಆ ವಾಸನೆ ಮುಖ್ಯವಾಗಿ ಅನಿಲದಲ್ಲಿನ ಕಲ್ಮಶಗಳದ್ದು. ಸುರಕ್ಷತೆಯನ್ನು ಅಳೆಯಬೇಕಾದದ್ದು ಮೂಗಿನಿಂದಲ್ಲ, ಅನಿಲ ಮಾಪಕದಿಂದ.

ಇನ್ನೊಂದು ಅಂಶವೂ ಗಮನಾರ್ಹ. ಕೀಟದ ಮೊಟ್ಟೆ ಮತ್ತು ಕೋಶಾವಸ್ಥೆಗಳು ಪ್ರೌಢ ಹುಳುವಿಗಿಂತ ಹೆಚ್ಚಾಗಿ ಫಾಸ್ಫೀನನ್ನು ತಾಳಿಕೊಳ್ಳುತ್ತವೆ. ಅವು ಸಾಯಬೇಕಾದರೆ ಅನಿಲದ ಪ್ರಮಾಣಕ್ಕಿಂತಲೂ ಅವಧಿ ಮುಖ್ಯ. ಗಾಳಿಯಾಡದ ಹೊದಿಕೆಯ ಅಂಚಿಗೆ ಮರಳು ಚೀಲಗಳನ್ನಿಟ್ಟು, ನಿಗದಿಯಾದಷ್ಟು ದಿನ ಅನಿಲವನ್ನು ಹಿಡಿದಿಡಬೇಕು. ಅವಸರದ ವ್ಯಾಪಾರಿ ಎರಡನೆಯ ದಿನವೇ ಹೊದಿಕೆ ತೆಗೆಸಿದರೆ ಪ್ರೌಢ ಹುಳುಗಳು ಸತ್ತು ಬಿದ್ದಿರುವುದು ಕಾಣುತ್ತದೆ, ಕೆಲಸ ಮುಗಿಯಿತೆನಿಸುತ್ತದೆ. ಮೂರು ನಾಲ್ಕು ವಾರಗಳಲ್ಲಿ ಉಳಿದ ಮೊಟ್ಟೆ, ಕೋಶಗಳಿಂದ ಹೊಸ ಹುಳುಗಳು ಬರುತ್ತವೆ. ‘ಮಾತ್ರೆ ನಕಲಿ’ ಎಂದು ಭಾವಿಸಿ ಮುಂದಿನ ಬಾರಿ ಪ್ರಮಾಣ ಹೆಚ್ಚಿಸಲಾಗುತ್ತದೆ, ಅವಧಿಯನ್ನಲ್ಲ. ಹೀಗೆ ಅರ್ಧ ಏಟು ತಿಂದು ಬದುಕುಳಿದ ಕೀಟಗಳ ಸಂತತಿಯೇ ನಿರೋಧಶಕ್ತಿ ಬೆಳೆಸಿಕೊಳ್ಳುತ್ತದೆ. ಭಾರತದ ಗೋದಾಮುಗಳ ಹಿಟ್ಟಿನ ದುಂಬಿಗಳಲ್ಲಿ ಫಾಸ್ಫೀನ್ ನಿರೋಧಶಕ್ತಿ ಇರುವುದು ದೃಢಪಟ್ಟಿದೆ. ಫಾಸ್ಫೀನ್ ತಾಮ್ರವನ್ನು ಕೊರೆಯುವುದರಿಂದ ಗೋದಾಮಿನಲ್ಲಿರುವ ವಿದ್ಯುತ್ ಮೋಟಾರು, ತೂಕದ ಯಂತ್ರ, ಗಣಕಯಂತ್ರಗಳಿಗೂ ಹಾನಿಯಾಗಬಹುದು ಎಂಬುದನ್ನು ಸಹ ತರಬೇತಿಯಿಲ್ಲದವನು ತಿಳಿದಿರುವುದಿಲ್ಲ.

ಕಾನೂನಿನ ನಿರ್ದೇಶನ

ಭಾರತದಲ್ಲಿ ಕೀಟನಾಶಕಗಳ ಬಳಕೆಯನ್ನು 1968ರ ಕೀಟನಾಶಕ ಅಧಿನಿಯಮ ಹಾಗೂ 1971ರ ನಿಯಮಾವಳಿ ನಿಯಂತ್ರಿಸುತ್ತ ಬಂದಿವೆ. ಆ ನಿಯಮಾವಳಿಯ ಪ್ರಕಾರ ವಾಣಿಜ್ಯ ರೂಪದಲ್ಲಿ ಕೀಟ ನಿಯಂತ್ರಣ ಕಾರ್ಯ ಕೈಗೊಳ್ಳುವವರು ಪರವಾನಗಿ ಪಡೆಯಬೇಕು. ಅದಕ್ಕೆ ಕೃಷಿ ಪದವಿ, ಇಲ್ಲವೇ ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ ವಿಜ್ಞಾನ ಪದವಿ ಇರಬೇಕು. ಜೊತೆಗೆ ಕನಿಷ್ಠ 15 ದಿನಗಳ ತರಬೇತಿಯ ಪ್ರಮಾಣಪತ್ರ ಬೇಕು. ಈ ತರಬೇತಿಗೆ ನಿಯಮಾವಳಿ ಹೆಸರಿಸಿದ ಸಂಸ್ಥೆಗಳು ಮೂರು: ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಉತ್ತರ ಪ್ರದೇಶದ ಹಾಪುರದಲ್ಲಿರುವ ಧಾನ್ಯ ಸಂಗ್ರಹಣಾ ಸಂಸ್ಥೆ ಮತ್ತು ಹೈದರಾಬಾದಿನ ರಾಷ್ಟ್ರೀಯ ಸಸ್ಯ ಸಂರಕ್ಷಣಾ ತರಬೇತಿ ಸಂಸ್ಥೆ. ಹೈದರಾಬಾದಿನ ಸಂಸ್ಥೆಯು 2008ರಿಂದ ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಈ ಮೂರರಲ್ಲಿ ಒಂದಾಗಿರುವುದು ಕರ್ನಾಟಕದ ಉದ್ಯಮಿಗಳಿಗೆ ಒದಗಿಬಂದ ಅನುಕೂಲ.

ಅಲ್ಯೂಮಿನಿಯಂ ಫಾಸ್ಫೈಡ್ ಹಾಗೂ ಮೀಥೈಲ್ ಬ್ರೋಮೈಡ್‌ಗಳಂತಹ ಧೂಮಕಾರಿಗಳನ್ನು ಬಳಸಲು ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ಸಲಹೆಗಾರರ ಅನುಮೋದನೆಯೂ ಬೇಕು. 10 ಹಾಗೂ 20 ಮಾತ್ರೆಗಳ ಅಲ್ಯೂಮಿನಿಯಂ ಫಾಸ್ಫೈಡ್ ಕೊಳವೆಗಳ ತಯಾರಿಕೆ ಮತ್ತು ಮಾರಾಟವನ್ನು 2001ರಲ್ಲಿಯೇ ನಿಷೇಧಿಸಲಾಗಿದೆ. ಆದುದರಿಂದ ‘ಮಾತ್ರೆ ತಂದುಕೊಡಿ, ನಮ್ಮ ಹುಡುಗನೇ ಇಡುತ್ತಾನೆ’ ಎಂಬ ವ್ಯವಸ್ಥೆ ಕಾನೂನಿನ ದೃಷ್ಟಿಯಿಂದಲೂ ನಿಲ್ಲುವಂಥದ್ದಲ್ಲ.

ಇಲ್ಲೊಂದು ಕಂದಕವಿರುವುದನ್ನು ಗಮನಿಸಬೇಕು. ಪದವಿ ಮತ್ತು 15 ದಿನಗಳ ತರಬೇತಿಯ ಷರತ್ತು ಅನ್ವಯಿಸುವುದು ಪರವಾನಗಿಗೆ. ಗೋದಾಮಿನೊಳಗೆ ಪಂಪು ಹಿಡಿದು ಬರುವವನು ಬೇರೆಯೇ ವ್ಯಕ್ತಿ. ಕೆಲಸಗಾರರಿಗೆ ಸುರಕ್ಷತಾ ಕ್ರಮಗಳಲ್ಲಿ ಸೂಕ್ತ ತರಬೇತಿ, ರಕ್ಷಣಾ ಉಡುಪು ಮತ್ತು ವೈದ್ಯಕೀಯ ತಪಾಸಣೆ ಒದಗಿಸಬೇಕೆಂದು ಅದೇ ನಿಯಮಾವಳಿ ಹೇಳುತ್ತದೆಯಾದರೂ ಅದನ್ನು ಎಷ್ಟರಮಟ್ಟಿಗೆ ಪಾಲಿಸಲಾಗುತ್ತದೆ ಎಂಬುದು ಸಂಸ್ಥೆಯ ಮನೋಧರ್ಮವನ್ನೂ ಗ್ರಾಹಕನ ವಿಚಾರಣೆಯನ್ನೂ ಅವಲಂಬಿಸಿದೆ. ಗ್ರಾಹಕನು ಅತಿ ಕಡಿಮೆ ದರವನ್ನೇ ಬಯಸಿದರೆ ಮೊದಲು ಕತ್ತರಿ ಬೀಳುವುದು ಈ ತರಬೇತಿಗೇ.

ಆಹಾರ ಪದಾರ್ಥಗಳ ವ್ಯಾಪಾರಿಗಳಿಗೆ ಇನ್ನೂ ಒಂದು ಹೊಣೆಯಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದಡಿ 2011ರಲ್ಲಿ ಹೊರಬಂದ ಪರವಾನಗಿ ನಿಬಂಧನೆಗಳ ನಾಲ್ಕನೆಯ ಅನುಸೂಚಿಯು ಕೀಟ ನಿಯಂತ್ರಣವನ್ನು ನೈರ್ಮಲ್ಯದ ಅಂಗವನ್ನಾಗಿ ಮಾಡಿದೆ. ಬಳಸಿದ ಕೀಟನಾಶಕ, ದಿನಾಂಕ ಮತ್ತು ಆವರ್ತನಗಳ ದಾಖಲೆ ಇಡುವುದು ಅದರ ಪ್ರಕಾರ ಅವಶ್ಯಕ.

ತರಬೇತಿಯಲ್ಲಿ ಏನಿರಬೇಕು

ಒಳ್ಳೆಯ ತರಬೇತಿಯು ಔಷಧಿಗಳ ಪಟ್ಟಿಯಿಂದ ಆರಂಭವಾಗುವುದಿಲ್ಲ. ಅದರ ಮೊದಲ ಭಾಗ ಕೀಟದ ಜೀವನಚಕ್ರ ಮತ್ತು ಗುರುತಿಸುವಿಕೆ. ಎರಡನೆಯದು ತಪಾಸಣೆ: ಕಟ್ಟಡದ ನಕ್ಷೆ ಬರೆದು ಕೀಟದ ಹಿಕ್ಕೆ, ಪೊರೆ, ಮಣ್ಣಿನ ಸುರಂಗ, ಹಿಟ್ಟಿನ ಪುಡಿಗಳ ಗುರುತು ಹಾಕುವುದು, ಅಂಟುಬಲೆ ಮತ್ತು ಲಿಂಗಾಕರ್ಷಕ ಬಲೆಗಳನ್ನಿಟ್ಟು ಸಂಖ್ಯೆಯನ್ನು ವಾರವಾರ ಎಣಿಸುವುದು. ಕೊತ್ತಂಬರಿ, ಅರಿಸಿನ, ಮೆಣಸಿನಕಾಯಿ ಮತ್ತು ತಂಬಾಕಿನ ದಾಸ್ತಾನಿಗೆ ಬೀಳುವ ಸಿಗರೇಟ್ ದುಂಬಿಗೆ ಇಂತಹ ಬಲೆಗಳು ಲಭ್ಯವಿದ್ದು, ಹಾವಳಿ ಉಲ್ಬಣಿಸುವ ಮೊದಲೇ ಎಚ್ಚರಿಕೆ ನೀಡುತ್ತವೆ.

ಮೂರನೆಯದು ರಾಸಾಯನಿಕವಿಲ್ಲದ ಕ್ರಮಗಳು. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಗಳ ಮೇಲೆ, ಗೋಡೆಯಿಂದ ಸುಮಾರು ಅರ್ಧ ಮೀಟರ್ ಅಂತರದಲ್ಲಿ ಜೋಡಿಸುವುದು, ಮೊದಲು ಬಂದ ಮಾಲನ್ನು ಮೊದಲು ಹೊರಹಾಕುವುದು, ವಾಪಸು ಬಂದ ಸರಕನ್ನು ಪ್ರತ್ಯೇಕವಾಗಿಡುವುದು, ಬಿರುಕು ಮುಚ್ಚುವುದು, ಧಾನ್ಯದ ತೇವಾಂಶವನ್ನು ತಗ್ಗಿಸುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಶುದ್ಧ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಪೂರ್ಣ ಬೆಳೆಯುತ್ತದೆ. ಕಾರ್ಖಾನೆಯ ಹಿತ್ತಲಿನ ಡ್ರಮ್ಮು, ಟೈರುಗಳಲ್ಲಿನ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದು ಹೊಗೆ ಹಾಕಿಸುವುದಕ್ಕಿಂತ ಫಲದಾಯಕ ಎಂಬುದನ್ನು ಕಾರ್ಮಿಕರಿಗೆ ತಿಳಿಹೇಳುವುದೂ ತರಬೇತಿಯ ಭಾಗವೇ.

ನಾಲ್ಕನೆಯದು ರಾಸಾಯನಿಕಗಳ ವಿವೇಕಯುತ ಬಳಕೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಓದಲು ಪ್ರತಿಯೊಬ್ಬ ಕೆಲಸಗಾರನಿಗೂ ಬರಬೇಕು. ಕೆಂಪು ಅತ್ಯಂತ ವಿಷಕಾರಿ, ಹಳದಿ ಅಧಿಕ ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ ವಿಷಕಾರಿ ಎಂಬುದರ ಸೂಚನೆ. ಗೆದ್ದಲು ನಿಯಂತ್ರಣಕ್ಕೆ ಐ.ಎಸ್. 6313 ಎಂಬ ಭಾರತೀಯ ಮಾನಕವಿದೆ. ಅದರ ಮೂರು ಭಾಗಗಳು ಕ್ರಮವಾಗಿ ನಿರ್ಮಾಣದ ವಿಧಾನ, ನಿರ್ಮಾಣಕ್ಕೆ ಮುಂಚಿನ ರಾಸಾಯನಿಕ ಉಪಚಾರ ಹಾಗೂ ಕಟ್ಟಿದ ಕಟ್ಟಡಗಳ ಉಪಚಾರಕ್ಕೆ ಸಂಬಂಧಿಸಿವೆ. ತಳಪಾಯದ ಮಣ್ಣಿಗೆ ಚದರ ಮೀಟರಿಗೆ 5 ಲೀಟರ್ ದ್ರಾವಣ ಬೇಕಿರುವಲ್ಲಿ ಎರಡು ಲೀಟರ್ ಚಿಮುಕಿಸಿದರೆ, ಆ ವಂಚನೆ ಬೆಳಕಿಗೆ ಬರುವುದು ಬಾಗಿಲಿನ ಚೌಕಟ್ಟು ಪೊಳ್ಳಾದ ಮೇಲೆಯೇ.

ಐದನೆಯದು ಮರುತರಬೇತಿ. ಈ ಕ್ಷೇತ್ರದಲ್ಲಿ ನಿನ್ನೆಯ ಔಷಧಿ ಇಂದು ನಿಷೇಧಿತವಾಗಿರಬಹುದು. ಒಂದು ಕಾಲದಲ್ಲಿ ಗೆದ್ದಲಿಗೆ ಧಾರಾಳವಾಗಿ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ಹೋದವು. 2013ರಲ್ಲಿ ಲಿಂಡೇನ್ ಹೋಯಿತು. ಅಂಗಡಿ, ಹೋಟೆಲುಗಳಲ್ಲಿ ಬಹಳ ಪರಿಚಿತವಾಗಿದ್ದ ಡೈಕ್ಲೋರ್‌ವಾಸ್ ಬಳಕೆಯನ್ನು 2018ರ ಆದೇಶದ ಮೂಲಕ 2020ರ ಡಿಸೆಂಬರ್ 31ರಿಂದ ಕೊನೆಗೊಳಿಸಲಾಯಿತು. ಹತ್ತು ವರ್ಷಗಳ ಹಿಂದಿನ ಪ್ರಮಾಣಪತ್ರದೊಂದಿಗೆ ಹತ್ತು ವರ್ಷಗಳ ಹಿಂದಿನ ತಿಳಿವಳಿಕೆಯೇ ಉಳಿದುಬಿಟ್ಟರೆ ಅದು ಪರವಾನಗಿ ಇದ್ದೂ ಇಲ್ಲದಂತೆ.

ವಿದ್ಯಾರ್ಥಿಗಳಿಗೆ ತೆರೆದ ಬಾಗಿಲು

ಅಮೆರಿಕದ ಇಂಡಿಯಾನ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾನಿಲಯವು ಕೀಟ ನಿಯಂತ್ರಣ ವೃತ್ತಿನಿರತರಿಗಾಗಿ 1937ರಲ್ಲಿಯೇ ಸಮ್ಮೇಳನವನ್ನು ಏರ್ಪಡಿಸಿತು. ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಹಾಗೂ ಕೆಲಸ ಮಾಡುವ ತಂತ್ರಜ್ಞರು ಒಂದೇ ಸೂರಿನಡಿ ಸೇರುವ ಆ ಪದ್ಧತಿಯಿಂದ ನಗರ ಕೀಟಶಾಸ್ತ್ರವು ಅಲ್ಲಿ ಗೌರವದ ವೃತ್ತಿಯಾಗಿ ಬೆಳೆಯಲು ನೆರವಾಯಿತು. ಭಾರತದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ಕೀಟ ನಿಯಂತ್ರಣ ಸಂಘವು ವೃತ್ತಿನಿರತರ ಸಂಘಟನೆಯಾಗಿದೆ. ಆದರೆ ನಮ್ಮ ಕೃಷಿ ಪದವಿಯ ಕೀಟಶಾಸ್ತ್ರ ಪಾಠಗಳಲ್ಲಿ ಸಹಜವಾಗಿಯೇ ಬೆಳೆಗಳ ಕೀಟಗಳಿಗೆ ಅಗ್ರಸ್ಥಾನ. ಪದವಿ ಮುಗಿಸಿದ ತರುಣನಿಗೆ ಭತ್ತದ ಕಾಂಡಕೊರಕದ ಪರಿಚಯವಿರುವಷ್ಟು ಆಸ್ಪತ್ರೆಯ ಜಿರಳೆಯ ಪರಿಚಯ ಇರುವುದಿಲ್ಲ.

ಕರ್ನಾಟಕದಲ್ಲಿ ಈ ಕೊರತೆಯನ್ನು ತುಂಬಬಲ್ಲ ಸಾಧನಗಳು ಸಾಕಷ್ಟಿವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಲ್ಲದೆ, ಬೆಂಗಳೂರು ಮತ್ತು ಧಾರವಾಡಗಳ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಕೀಟಶಾಸ್ತ್ರ ವಿಭಾಗಗಳಿವೆ. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರವಿದೆ. ಮಲ್ಲೇಶ್ವರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಮರವನ್ನು ಹಾಳುಮಾಡುವ ಕೀಟಗಳ ಅಧ್ಯಯನ ನಡೆಸುತ್ತದೆ. ಇಲ್ಲಿ ಇಲ್ಲದಿರುವುದು ವಿದ್ಯೆಯಲ್ಲ, ವಿದ್ಯಾರ್ಥಿಯು ನಿಜವಾದ ಕಟ್ಟಡದೊಳಗೆ ಕಾಲಿಟ್ಟು ಕಲಿಯುವ ಅವಕಾಶ. ಆ ಕಟ್ಟಡಗಳು ಇರುವುದು ವ್ಯಾಪಾರಿಗಳ ಬಳಿ.

ರಫ್ತಿನ ಕಡೆಯಿಂದಲೂ ಬೇಡಿಕೆಯಿದೆ. ಮರದ ಪೆಟ್ಟಿಗೆ ಮತ್ತು ಹಲಗೆಗಳಿಗೆ ಸಂಬಂಧಿಸಿದ 2002ರ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಮರದ ಒಳಭಾಗವು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿರಂತರವಾಗಿ 30 ನಿಮಿಷ ಇರಬೇಕು, ಇಲ್ಲವೇ ಒಪ್ಪಿತ ಧೂಮೀಕರಣವಾಗಿರಬೇಕು. ಓಜೋನ್ ಪದರಕ್ಕೆ ಹಾನಿಕಾರಕವಾದ ಮೀಥೈಲ್ ಬ್ರೋಮೈಡನ್ನು ಮಾಂಟ್ರಿಯಲ್ ಒಪ್ಪಂದದಡಿ ಅಭಿವೃದ್ಧಿಶೀಲ ರಾಷ್ಟ್ರಗಳು 2015ರೊಳಗೆ ಕೈಬಿಡಬೇಕಿತ್ತಾದರೂ ಸಸ್ಯ ಸಂಪರ್ಕನಿಷೇಧ ಹಾಗೂ ಹಡಗಿಗೇರಿಸುವ ಮುಂಚಿನ ಉಪಚಾರಕ್ಕೆ ವಿನಾಯಿತಿ ಇದೆ. ಈ ಕೆಲಸಗಳನ್ನು ಅರಿತು ಮಾಡಬಲ್ಲ ಪದವೀಧರರು ಸ್ವಂತ ಉದ್ಯಮ ಸ್ಥಾಪಿಸಲು ದೊಡ್ಡ ಯಂತ್ರೋಪಕರಣಗಳಾಗಲಿ ವಿಶಾಲ ಶೆಡ್ಡುಗಳಾಗಲಿ ಬೇಕಿಲ್ಲ. ಮುಖ್ಯ ಬಂಡವಾಳ ಜ್ಞಾನ ಮತ್ತು ವಿಶ್ವಾಸ.

ವ್ಯಾಪಾರಿಗಳು ಮಾಡಬಹುದಾದದ್ದು

ಕೀಟ ನಿಯಂತ್ರಣದ ಗುತ್ತಿಗೆ ನೀಡುವ ಮೊದಲು ಸದಸ್ಯರು ಕೆಲವು ಪ್ರಶ್ನೆಗಳನ್ನು ಕೇಳುವುದು ಉಚಿತ. ಸಂಸ್ಥೆಯ ಪರವಾನಗಿಯ ಪ್ರತಿ ಇದೆಯೇ, ಅದು ಚಾಲ್ತಿಯಲ್ಲಿದೆಯೇ? ಸ್ಥಳಕ್ಕೆ ಬರುವ ಕೆಲಸಗಾರನಿಗೆ ಯಾವ ತರಬೇತಿ ದೊರೆತಿದೆ? ಬಳಸುವ ಔಷಧಿಯ ಹೆಸರು, ಸಾಂದ್ರತೆ, ಮುನ್ನೆಚ್ಚರಿಕೆಗಳನ್ನು ಲಿಖಿತವಾಗಿ ಕೊಡುತ್ತಾರೆಯೇ? ಧೂಮೀಕರಣವಾದರೆ ಅನಿಲ ಮಾಪಕವಿದೆಯೇ, ಕಟ್ಟಡ ಪುನಃ ಪ್ರವೇಶಕ್ಕೆ ಯೋಗ್ಯವೆಂದು ಯಾರು ಸಹಿ ಮಾಡುತ್ತಾರೆ? ಈ ಪ್ರಶ್ನೆಗಳಿಗೆ ನೇರ ಉತ್ತರ ದೊರೆಯದಿದ್ದಲ್ಲಿ ಕಡಿಮೆ ದರದ ಆಕರ್ಷಣೆಗೆ ಒಳಗಾಗದಿರುವುದೇ ಲೇಸು.

ಎರಡನೆಯದಾಗಿ, ಪ್ರತಿ ಗೋದಾಮಿನಲ್ಲಿ ಒಬ್ಬ ಉಗ್ರಾಣಿಗಾದರೂ ಮೂಲಭೂತ ತಿಳಿವಳಿಕೆ ಇರಬೇಕು. ಹುಳುವನ್ನು ಗುರುತಿಸಿ, ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡುವಷ್ಟು ಅಭ್ಯಾಸವಾದರೆ ಸಾಕು. ಆರು ತಿಂಗಳ ಅಂತಹ ಪುಸ್ತಕವು ಹುಳು ಯಾವ ಮೂಲೆಯಿಂದ, ಯಾವ ಸರಬರಾಜುದಾರನ ಮಾಲಿನೊಡನೆ ಬರುತ್ತಿದೆ ಎಂಬುದನ್ನು ತಾನಾಗಿಯೇ ಹೇಳುತ್ತದೆ. ಮೂರನೆಯದಾಗಿ, ಸಮೀಪದ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಮ್ಮ ಗೋದಾಮು, ಗಿರಣಿಗಳಲ್ಲಿ ತಪಾಸಣಾಭ್ಯಾಸಕ್ಕೆ ಅವಕಾಶ ನೀಡಿದಲ್ಲಿ ಇಬ್ಬರಿಗೂ ಲಾಭ. ವಿದ್ಯಾರ್ಥಿಗೆ ಪ್ರತ್ಯಕ್ಷ ಜ್ಞಾನ, ವ್ಯಾಪಾರಿಗೆ ವೆಚ್ಚವಿಲ್ಲದ ತಪಾಸಣಾ ವರದಿ. ನಾಲ್ಕನೆಯದಾಗಿ, ಒಂದೇ ಮಾರುಕಟ್ಟೆ ಪ್ರಾಂಗಣದ ಅಂಗಡಿಕಾರರು ಒಟ್ಟಾಗಿ ಒಂದೇ ಸಮಯದಲ್ಲಿ ಕ್ರಮ ಕೈಗೊಳ್ಳುವುದು ಒಳಿತು. ಒಂದು ಅಂಗಡಿಯಿಂದ ಓಡಿಸಿದ ಕೀಟ ಪಕ್ಕದ ಅಂಗಡಿಯಲ್ಲಿ ಬೀಡುಬಿಟ್ಟು, ತಿಂಗಳೊಳಗೆ ಹಿಂದಿರುಗುವುದು ಸಾಮಾನ್ಯ ಅನುಭವ.

ಕೀಟಗಳನ್ನು ಸಂಪೂರ್ಣವಾಗಿ ನಿರ್ನಾಮ ಮಾಡುವುದು ಸಾಧ್ಯವೂ ಇಲ್ಲ, ಅದು ಈ ಶಾಸ್ತ್ರದ ಗುರಿಯೂ ಅಲ್ಲ. ಕಡಿಮೆ ವಿಷದಿಂದ, ಸರಿಯಾದ ಸ್ಥಳದಲ್ಲಿ, ಸರಿಯಾದ ಕಾಲದಲ್ಲಿ ಅವುಗಳನ್ನು ಹತೋಟಿಯಲ್ಲಿಡುವುದೇ ನಿರ್ವಹಣೆ. ಅದಕ್ಕೆ ಬೇಕಾದದ್ದು ತರಬೇತಿ ಪಡೆದ ಕಣ್ಣು ಮತ್ತು ಕೈ. ಅದಕ್ಕೆ ತೆರುವ ಹೆಚ್ಚುವರಿ ಹಣದಿಂದ ಉಳಿಯುವುದು ದಾಸ್ತಾನು ಮಾತ್ರವಲ್ಲ; ಅದೇ ಗೋದಾಮಿನ ಮಗ್ಗುಲಲ್ಲಿ ರಾತ್ರಿ ಮಲಗುವ ಹಮಾಲರ, ಕಾವಲುಗಾರರ ಹಾಗೂ ಅವರ ಮಕ್ಕಳ ಪ್ರಾಣವೂ ಹೌದು.